ಗಿರಣಿಗೆ ಜೋಳ, ಸಾಲಿಗೆ ಬ್ಯಾಟು

ಏಪ್ರಿಲ್ ಹತ್ತಕ್ಕೆ ರಿಸಲ್ಟು, ಹನ್ನೊಂದಕ್ಕೆ ಟ್ರಂಕು. ನನ್ನ ಮಕ್ಕಳು ಸಾಲಿಗೆ ಹೋಗುತ್ತಿದ್ದ ಎಂಬತ್ತರ ದಶಕದಲ್ಲಿ ನಮ್ಮ ಮನೆಯ ಬೇಸಿಗೆ ಶುರುವಾಗುತ್ತಿದ್ದುದು ಹೀಗೆ. ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಆಗ ನಮ್ಮದು ದಕ್ಷಿಣ ಮಧ್ಯ ರೈಲ್ವೆ, ಹೆಡ್ ಆಫೀಸು ಸಿಕಂದರಾಬಾದು. ಹುಬ್ಬಳ್ಳಿಯೇ ಕೇಂದ್ರವಾದ ನೈಋತ್ಯ ರೈಲ್ವೆ ಶುರುವಾದದ್ದು 2003ರ ಏಪ್ರಿಲ್ 1ಕ್ಕೆ. ರೈಲ್ವೆಯವರಿಗೆ ರಜೆ ಅಂದರೆ ಪಾಸು. ಪಾಸ್ ಕ್ಲಾರ್ಕು ಮನೆಯವರ ಹೆಸರು, ವಯಸ್ಸು, ಎಲ್ಲಿಂದ ಎಲ್ಲಿಗೆ, ಯಾವ ಮಾರ್ಗವಾಗಿ ಎಂಬುದನ್ನೆಲ್ಲ ಕಾರ್ಬನ್ ಇಟ್ಟು ಒತ್ತಿ ಬರೆದುಕೊಡುತ್ತಿದ್ದರು. ಬರೆಸಿದ ಮೇಲೆ ಮಾರ್ಗ ಬದಲಿಸುವಂತಿಲ್ಲ. ಹಾಗಾಗಿ ಎಲ್ಲಿಗೆ ಹೋಗುವುದೆಂಬ ವಾದ ಮಾರ್ಚಿನಲ್ಲೇ ಮುಗಿದಿರಬೇಕಿತ್ತು.

ಹೆಚ್ಚು ಸಲ ವಾದ ಗೆಲ್ಲುತ್ತಿದ್ದುದು ಗೋವಾ. ಆಗಿನ್ನೂ ಮೀಟರ್ ಗೇಜು. ಅಳ್ನಾವರ, ಲೋಂಡಾ ದಾಟಿ ಕ್ಯಾಸಲ್‌ರಾಕಿಗೆ ಬರುವ ಹೊತ್ತಿಗೆ ಬುತ್ತಿ ಅರ್ಧ ಖಾಲಿಯಾಗಿರುತ್ತಿತ್ತು. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಷ್ಟು ದಿನ, ಅಂದರೆ 1961ರ ಡಿಸೆಂಬರ್‌ವರೆಗೆ, ಕ್ಯಾಸಲ್‌ರಾಕ್ ಗಡಿಯ ಸ್ಟೇಷನ್ನು. ಅಲ್ಲಿಂದ ಕುಳೆಂವರೆಗೆ ಘಟ್ಟ. 37 ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಇಳಿಯುವ ದಾರಿ ಅದು. ರೈಲಿನ ಲೆಕ್ಕದಲ್ಲಿ ಅದು ಬಹಳ ಕಡಿದು. ಬ್ರೇಕ್ ಬ್ಲಾಕ್ ಕಾದ ವಾಸನೆ ಬಂದ ಕೂಡಲೇ ನನ್ನ ಕಣ್ಣು ಕಿಟಕಿಯ ಹೊರಗಿನ ದೂಧಸಾಗರ ಬಿಟ್ಟು ಬೋಗಿಯ ಕೆಳಗೆ ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಆ ಮಾರ್ಗ ಬ್ರಾಡ್ ಗೇಜ್ ಆಯಿತು.

ಆ ಪ್ರವಾಸಗಳನ್ನು ಈಗ ಎಲ್ಲರೂ ಹೊಗಳುತ್ತಾರೆ. ನಮ್ಮ ಮನೆಯವಳು ಹೊಗಳುವುದಿಲ್ಲ. ಹಿಂದಿನ ರಾತ್ರಿಯೆಲ್ಲ ರೊಟ್ಟಿ ಬಡಿದು, ಗುರೆಳ್ಳು ಚಟ್ನಿ ಕಟ್ಟಿ, ಹೋಲ್ಡಾಲ್ ಬಿಗಿದು, ಹೋದಲ್ಲಿ ಸ್ಟೋವ್ ಹಚ್ಚಿ, ಬಂದ ಮೇಲೆ ಉಪ್ಪುನೀರಿನ ಬಟ್ಟೆ ರಾಶಿ ಒಗೆದವಳು ಅವಳು. ಮಗ, ಸೊಸೆ ಈಗ ದಾಂಡೇಲಿಯ ಹೋಂಸ್ಟೇಗೆ ಕಾರಿನಲ್ಲಿ ಹೋಗಿ ಎರಡು ರಾತ್ರಿ ಇದ್ದು ಬರುತ್ತಾರೆ, ನಮ್ಮನ್ನೂ ಕರೆದೊಯ್ಯುತ್ತಾರೆ. ಅವಳಿಗೆ ಅದೇ ಚಲೋ ಅನಿಸುತ್ತದೆ, ಕುಳಿತಲ್ಲಿಗೆ ಚಹಾ ಬರುತ್ತದೆ. ಅವಳ ಮಾತು ಸರಿ.

ಪಾಸು ನಿವೃತ್ತರಿಗೂ ಇದೆ. 2020ರಿಂದ ಅದು ಮೊಬೈಲಿನಲ್ಲೇ ಬರುತ್ತದೆ. ಆದರೆ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಈಗ 1,507 ಮೀಟರ್. ಜಗತ್ತಿನಲ್ಲೇ ಉದ್ದವಾದ ಆ ಪ್ಲಾಟ್‌ಫಾರ್ಮು 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ನಮ್ಮ ಮೊಣಕಾಲಿನವರು ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಬೇಕು.

ಗೋವಾದಿಂದ ಬಂದ ಮೇಲೂ ರಜೆ ತಿಂಗಳುಗಟ್ಟಲೆ ಉಳಿದಿರುತ್ತಿತ್ತು. ಉಳಿದದ್ದೆಲ್ಲ ಗದಗ ರಸ್ತೆಯ ಕಡೆಯ ಮೈದಾನಕ್ಕೆ. ನನ್ನ ಮಕ್ಕಳ ಬಳಗಕ್ಕೆ ಇದ್ದದ್ದು ಒಂದು ಬ್ಯಾಟು. ಅದರ ಒಡೆಯ ಯಾರು ಎಂದು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ, ಕ್ವಾರ್ಟರ್ಸಿನ ಹತ್ತು ಮನೆಯ ರೊಕ್ಕ ಅದರಲ್ಲಿತ್ತು. ಹಿಡಿಕೆ ಅಲ್ಲಾಡಿದರೆ ಸರಸು ಹಚ್ಚಿ ದಾರ ಸುತ್ತುವುದು, ತುದಿ ಸೀಳಿದರೆ ಸಣ್ಣ ಮೊಳೆ ಹೊಡೆದು ಸೈಕಲ್ ಟ್ಯೂಬಿನ ತುಂಡು ಬಿಗಿಯುವುದು. ಪ್ಯಾಡು ಒಂದೇ ಕಾಲಿಗೆ. ಅದೇ ಕಡೆಯ ಸೆಟ್ಲಮೆಂಟ್ ಬಡಾವಣೆಯ ಹುಡುಗರು ಹಾಕಿಯಲ್ಲಿ ಬಹಳ ಮುಂದೆ. ಅವರ ಸ್ಟಿಕ್ಕುಗಳಂತೂ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಪಕ್ಕದ ಮನೆಗೆ ಹೋಗಿ ಕೊನೆಗೆ ಸವೆದು ಸವೆದು ಬಾಗಿದ ತಲೆ ತೆಳ್ಳಗಾಗುವವರೆಗೆ ಆಡುತ್ತಿದ್ದವು. ಹಳೆಯ ಆಟದ ಸಾಮಾನನ್ನು ದಾನ ಕೊಡುವ ಪ್ರಶ್ನೆಯೇ ಆಗ ಇರಲಿಲ್ಲ. ಕೊಡಲು ಏನೂ ಉಳಿಯುತ್ತಿರಲಿಲ್ಲ.

ಗದುಗಿನ ಸುನೀಲ ಜೋಶಿ ಹುಡುಗನಾಗಿದ್ದಾಗ ಮುಂಜಾನೆಯೇ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಸಾಲಿ ಹೊತ್ತಿಗೆ ಊರಿಗೆ ತಿರುಗುತ್ತಿದ್ದರು. ಅವರು 1996ರಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದಾಗ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರಿನಲ್ಲಿ ಆರೇ ರನ್ ಕೊಟ್ಟು ಐದು ವಿಕೆಟ್ ತೆಗೆದಾಗ ವರ್ಕ್‌ಶಾಪಿನಲ್ಲಿ ಅದೇ ಮಾತು. ನಮ್ಮ ಭಾಗದ ಹುಡುಗನಿಗೆ ಆಟ ಬರುವುದಿಲ್ಲವೆಂದಲ್ಲ, ಆಡುವ ಜಾಗ ಮತ್ತು ಸಾಮಾನು ಮನೆಯಿಂದ ದೂರ ಇರುತ್ತವೆ ಎಂಬುದು ನಮಗೆಲ್ಲ ಗೊತ್ತಿತ್ತು.

ಈಗ ಏಪ್ರಿಲ್ ಹನ್ನೊಂದಕ್ಕೆ ಸಮ್ಮರ್ ಕ್ಯಾಂಪು. ಮುಂಜಾನೆ ಆರಕ್ಕೆ ವಿದ್ಯಾನಗರ, ಕೇಶ್ವಾಪುರದ ಮಕ್ಕಳು ತಮಗಿಂತ ಉದ್ದದ ಕಿಟ್ ಬ್ಯಾಗ್ ಎಳೆದುಕೊಂಡು ಹೋಗುತ್ತಾರೆ. ಶಿಸ್ತಿನಿಂದ ಕಲಿಸುವ ಕೋಚುಗಳು ಇದ್ದಾರೆ, ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ರಣಜಿ ಪಂದ್ಯಗಳೇ ನಡೆಯುತ್ತವೆ. ಇದು ಸಣ್ಣ ಬದಲಾವಣೆಯಲ್ಲ. ಆದರೆ ಬಹುಪಾಲು ಮಕ್ಕಳಿಗೆ ಜೂನ್ ಬಂತೆಂದರೆ ಟ್ಯೂಷನ್ನು, ಕಿಟ್ಟು ಲಾಫ್ಟಿಗೆ. ಮರುವರ್ಷ ತೆಗೆಯುವಷ್ಟರಲ್ಲಿ ಪ್ಯಾಡು ಗಿಡ್ಡ, ಬೂಟು ಬಿಗಿ. ಮತ್ತೊಂದು ಕೊಳ್ಳುತ್ತಾರೆ. ನನ್ನ ಮೊಮ್ಮಕ್ಕಳ ಲಾಫ್ಟ್ ಖಾಲಿ ಮಾಡಿದಾಗ ಬ್ಯಾಟು, ಟೆನಿಸ್ ರ‍್ಯಾಕೆಟ್ಟು, ಸ್ಕೇಟಿಂಗ್ ಬೂಟುಗಳೆಲ್ಲ ಒಂದರ ಹಿಂದೊಂದು ಇಳಿದವು. ಅವುಗಳಲ್ಲಿ ಎಷ್ಟಕ್ಕೋ ಮಣ್ಣೇ ತಾಗಿರಲಿಲ್ಲ. ಆಮೇಲೆ ನಮ್ಮ ಓಣಿಯ ಮನೆಗಳನ್ನು ಕೇಳಿದೆ. ಎಲ್ಲ ಮನೆಯ ಕಥೆಯೂ ಒಂದೇ. ಹಾಗೆ ಬಿದ್ದಿದ್ದ ಸಾಮಾನು ಸಂಗ್ರಹಿಸಿ, ರಿಪೇರಿ ಮಾಡಿ ಸರ್ಕಾರಿ ಸಾಲಿಗಳಿಗೆ ಕೊಡತೊಡಗಿದೆ.

ನಿವೃತ್ತನ ದಿನ ಹೇಗಿರುತ್ತದೆ ಎಂದು ಹೇಳಿದರೆ ಈ ಕೆಲಸ ನನಗೆ ಯಾಕೆ ಹಿಡಿಸಿತು ಎಂಬುದು ತಿಳಿಯುತ್ತದೆ. ಹಿಂದೆ ಮನೆಯ ಹಿರಿಯನಿಗೆ ಸರತಿ ಸಾಲುಗಳೇ ಉದ್ಯೋಗ: ಲೈಟ್ ಬಿಲ್ಲಿಗೆ ಒಂದು, ಸೀಮೆ ಎಣ್ಣೆಗೆ ಒಂದು, ನವೆಂಬರಿನಲ್ಲಿ ಬದುಕಿದ್ದೇನೆ ಎಂದು ತೋರಿಸಲು ಬ್ಯಾಂಕಿನಲ್ಲಿ ಒಂದು. ಈಗ ಬಿಲ್ಲು ಮೊಬೈಲಿನಲ್ಲಿ. ಜೀವನ ಪ್ರಮಾಣ ಪತ್ರಕ್ಕೂ ಫೋನಿನ ಎದುರು ಮುಖ ತೋರಿಸಿದರೆ ಸಾಕು. ಉಳಿದದ್ದು ಕಾಯಿಪಲ್ಲೆ, ಗಿರಣಿ, ರೈಲ್ವೆ ಆಸ್ಪತ್ರೆಯ ಗುಳಿಗೆ. ಅದೂ ನಳ ಬಿಡುವ ದಿನ ಆಗುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಲ್ಲೇ ದಿನದ 24 ಗಂಟೆ ನೀರು ಬಂತು. ಮಿಕ್ಕವರ ವಾರವನ್ನು ಈಗಲೂ ನಳವೇ ನಿರ್ಧರಿಸುತ್ತದೆ. ಜಗತ್ತಿಗೆಲ್ಲ ಕೆಲಸವಿದ್ದು ನಮಗೆ ಮಾತ್ರ ಇಲ್ಲದಂಥ ಮುಂಜಾನೆಗಳು ಬಹಳ ಇರುತ್ತವೆ. ಗಿರಣಿಗೆ ಜೋಳ ಹಾಕಿ, ಹಿಟ್ಟು ಬೀಸುವವರೆಗೆ ಪಕ್ಕದ ಓಣಿಯಲ್ಲಿ ಎರಡು ಮನೆಯ ಕಿಟ್ಟು ಸಂಗ್ರಹಿಸಿ ಬರಬಹುದೆಂದು ಗೊತ್ತಾದ ಮೇಲೆ ಹೊರಗೆ ಹೋಗಲು ಕಾರಣ ಸಿಕ್ಕಿತು.

ಸಂಗ್ರಹಿಸುವುದು ಸುಲಭ. ನಿಜವಾದ ಕೆಲಸ ಕಟ್ಟೆಯ ಮೇಲೆ ಪೇಪರ್ ಹಾಸಿ ಕುಳಿತ ಮೇಲೆ. ರೈಲು ನಿಂತಾಗ ಚಕ್ರಕ್ಕೆ ಸುತ್ತಿಗೆ ಬಡಿದು ನಾದ ಕೇಳುವುದನ್ನು ಹಳೆಯ ಪ್ರಯಾಣಿಕರು ನೋಡಿರುತ್ತಾರೆ. ಸಪ್ಪಳ ಗಣ್ಣೆಂದರೆ ಚಕ್ರ ಗಟ್ಟಿ, ಬೋದಾದರೆ ಎಲ್ಲೋ ಬಿರುಕು. ಬ್ಯಾಟನ್ನೂ ನಾನು ಹಾಗೆಯೇ ನೋಡುತ್ತೇನೆ. ಹಿಡಿಕೆಯ ತುದಿ ಸಡಿಲಾಗಿ ಹಿಡಿದು ಮರದ ಸುತ್ತಿಗೆಯಿಂದ ಕೆಳಗಿನಿಂದ ಮೇಲಕ್ಕೆ ಬಡಿಯುತ್ತ ಹೋದರೆ ಸೀಳು ಇರುವಲ್ಲಿ ದನಿ ಒಡೆಯುತ್ತದೆ. ಒಡೆಯದಿದ್ದರೆ ಮರಳು ಕಾಗದ ಉಜ್ಜಿ, ಅಗಸಿ ಎಣ್ಣೆ ತೆಳ್ಳಗೆ ಹಚ್ಚಿ, ಎರಡು ದಿನ ಅಡ್ಡ ಮಲಗಿಸುತ್ತೇನೆ. ನಿಲ್ಲಿಸಿದರೆ ಎಣ್ಣೆ ಕಾಲಿಗಿಳಿದು ಮರ ಭಾರವಾಗುತ್ತದೆ. ಹಿಡಿಕೆಯ ರಬ್ಬರ್ ಜಿಗುಟಾಗಿದ್ದರೆ ಬ್ಲೇಡಿನಿಂದ ಕೊಯ್ದು ಹೊಸದು ಏರಿಸುತ್ತೇನೆ.

ಪ್ಯಾಡಿಗೆ ಹಿಂದೆ ಚರ್ಮದ ಪಟ್ಟಿ, ಬಕಲ್. ಈಗಿನದಕ್ಕೆ ವೆಲ್ಕ್ರೋ. ಒಳಗಿನ ಫೋಮು ಗಟ್ಟಿಯಿದ್ದರೂ ಪಟ್ಟಿ ಹಿಡಿಯದೆ ಪ್ಯಾಡು ದಂಡ. ಬಜಾರದ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಹಳೆಯ ಪಟ್ಟಿ ಬಿಚ್ಚಿ ಹೊಸದನ್ನು ಹೊಲಿದುಕೊಡುತ್ತಾರೆ. “ಸಾಲಿ ಹುಡುಗರಿಗೇನ್ರಿ? ಹಂಗಾರ ಎರಡು ಹೊಲಿಗಿ ಜಾಸ್ತಿ ಹಾಕ್ತೀನಿ, ಅವು ಜಗ್ತಾವ” ಎಂದು ಅವರೇ ಹೇಳಿ ಹಾಗೆಯೇ ಮಾಡಿದರು. ಜಗ್ಗುವುದು ನಿಜ.

ಬೂಟುಗಳದ್ದು ಬೇರೆಯೇ ಗೋಳು. ನೋಡಲು ಹೊಚ್ಚ ಹೊಸವು. ಕೈಯಲ್ಲಿ ಹಿಡಿದು ಅಟ್ಟೆ ಬಗ್ಗಿಸಿದರೆ ಹಳೆಯ ಖಾರಿಯ ಹಾಗೆ ಉದುರುತ್ತದೆ. ಅನೇಕ ಆಟದ ಬೂಟುಗಳ ಅಟ್ಟೆಯಲ್ಲಿರುವ ಪಾಲಿಯುರೆಥೇನ್ ಗಾಳಿಯ ತೇವಕ್ಕೇ ಒಳಗಿಂದೊಳಗೆ ಕೆಡುತ್ತದೆ. ಹಾಕದೆ ಇಟ್ಟರೂ ಅದು ಉಳಿಯುವುದಿಲ್ಲ. ಕೊಡುವವರು ಬೇಗ ಕೊಡಬೇಕು ಎನ್ನಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಬೂಟು ಆಟಗಾರನಿಗೆ ಏನು ಎಂಬುದಕ್ಕೆ 2021ರಲ್ಲಿ ಜಿಂಬಾಬ್ವೆಯ ಕ್ರಿಕೆಟಿಗ ರಯಾನ್ ಬರ್ಲ್ ಹಾಕಿದ ಫೋಟೋ ನೆನಪಾಗುತ್ತದೆ. ದೇಶಕ್ಕಾಗಿ ಆಡುವ ಅವರು ಕಿತ್ತುಹೋದ ಬೂಟು, ಪಕ್ಕದಲ್ಲಿ ಅಂಟು ಇಟ್ಟು, ಯಾರಾದರೂ ಪ್ರಾಯೋಜಕರು ಸಿಕ್ಕಾರೇ ಎಂದು ಕೇಳಿದ್ದರು. ಪೂಮಾ ಕಂಪನಿ ಮರುದಿನವೇ ಮುಂದೆ ಬಂತು. ನಮ್ಮ ಸಾಲಿ ಮಕ್ಕಳು ಫೋಟೋ ಹಾಕುವುದಿಲ್ಲ, ಬರಿಗಾಲಲ್ಲಿ ಓಡುತ್ತಾರೆ.

ಹೆಲ್ಮೆಟ್ಟು ಮಾತ್ರ ಅನುಮಾನ ಬಂದರೆ ಕೊಡುವುದಿಲ್ಲ. ಹೊರಗಿನ ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಜಾಳಿಗೆ ಸೊಟ್ಟಗಾಗಿದ್ದರೂ, ಜೋರಾದ ಒಂದು ಪೆಟ್ಟು ತಿಂದಿದ್ದರೂ ಅದರ ಕೆಲಸ ಮುಗಿಯಿತು. 2014ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲಿಪ್ ಹ್ಯೂಸ್ ಚೆಂಡು ಬಡಿದು ತೀರಿಕೊಂಡ ಮೇಲೆ ಕ್ರಿಕೆಟ್ ಜಗತ್ತು ಹೆಲ್ಮೆಟ್ಟಿನ ನಿಯಮ ಬಿಗಿ ಮಾಡಿತು. ಬಡವರ ಮಗುವಿನ ತಲೆಗೆ ಬೇರೆ ನಿಯಮ ಇರಬಾರದು. ಅಂಥವನ್ನು ಒಡೆದೇ ಗುಜರಿಗೆ ಹಾಕುತ್ತೇನೆ, ಯಾರೂ ಎತ್ತಿಕೊಂಡು ಮತ್ತೆ ಹಾಕಿಕೊಳ್ಳಬಾರದು.

ಕೊಟ್ಟರೆ ಮುಗಿಯಿತು ಎಂದುಕೊಳ್ಳುವವರು ಸಾಲಿಗೆ ಇನ್ನೊಮ್ಮೆ ಹೋಗಿ ನೋಡಬೇಕು. ಒಂದು ಸಾಲಿಯಲ್ಲಿ ಕೊಟ್ಟ ಕಿಟ್ಟು ಕಪಾಟಿನಲ್ಲಿ ಕೀಲಿ ಹಾಕಿ ಕುಳಿತಿತ್ತು. ಕಳೆದರೆ ಯಾರು ಉತ್ತರ ಕೊಡಬೇಕು ಎಂಬ ಹೆದರಿಕೆ. ಎಷ್ಟೋ ಸರ್ಕಾರಿ ಸಾಲಿಗಳಲ್ಲಿ ದೈಹಿಕ ಶಿಕ್ಷಕರ ಹುದ್ದೆಯೇ ಖಾಲಿ, ಆ ಹೆದರಿಕೆ ತಪ್ಪೆನ್ನಲಾರೆ. ಆಮೇಲೆ ಕೊಡುವಾಗಲೇ ಒಂದು ಕಾಗದ ಜೋಡಿಸತೊಡಗಿದೆ: ಇವು ಆಡಿ ಸವೆಯಲಿ ಎಂದೇ ಕೊಟ್ಟವು, ಒಡೆದರೆ, ಕಳೆದರೆ ಕೇಳುವವರಿಲ್ಲ. ಮುಖ್ಯೋಪಾಧ್ಯಾಯರು ಅದನ್ನು ಫೈಲಿಗೆ ಹಾಕಿಕೊಂಡ ಮೇಲೆ ಕಪಾಟು ತೆರೆಯಿತು.

ಧಾರವಾಡದ ಕಡೆಯ ಒಂದು ಹೆಣ್ಣುಮಕ್ಕಳ ಸಾಲಿಗೆ ಹೋದದ್ದು ನನಗೆ ಹೆಚ್ಚು ಕಲಿಸಿತು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಎಸಿ ಚಿಗರಿ ಬಸ್ಸಿನಲ್ಲಿ ಎರಡು ಚೀಲ ಹೊತ್ತು ಹೋಗಿದ್ದೆ. ಹಿಂದೆ ಧಾರವಾಡಕ್ಕೆ ಹೋಗಿಬರುವುದೆಂದರೆ ಅರ್ಧ ದಿನದ ಮಾತು. ಈಗ ಚೀಲಕ್ಕೆ ಜಾಗವೂ ಸಿಗುತ್ತದೆ, ಬೆವರೂ ಬರುವುದಿಲ್ಲ. ಕನ್ನಡ ಕಲಿಸುವ ಅಕ್ಕೋರೇ ಅಲ್ಲಿ ಆಟವನ್ನೂ ನೋಡಿಕೊಳ್ಳುತ್ತಾರೆ. ಚೀಲ ಬಿಚ್ಚಿ ನೋಡಿದರು. “ಬೇಜಾರ್ ಮಾಡ್ಕೋಬ್ಯಾಡ್ರಿ ಸರ, ಎಲ್ಲಾರೂ ಬ್ಯಾಟೇ ತಂದ್ಕೊಡ್ತಾರ್ರಿ. ನಮ್ಮ ಹುಡುಗ್ಯಾರು ವಲಯ ಮಟ್ಟಕ್ಕ ಹೋಗೋದು ಥ್ರೋಬಾಲು, ಖೋಖೋ, ಕಬಡ್ಡಿಗೆ. ಚೆಂಡಿಗೆ ಗಾಳಿ ಹಾಕೋ ಪಂಪಿನ ಸೂಜಿ ಐತೇನ್ರಿ ನಿಮ್ಮ ಹತ್ರ?”

ಇತ್ತು. ಅಂಗಿಯ ಕಿಸೆಯಲ್ಲೇ ಇತ್ತು. ಗ್ಲಿಸರಿನ್ ಸವರಿ ಮೂರು ಚೆಂಡಿಗೆ ಗಾಳಿ ತುಂಬಿಕೊಟ್ಟೆ. ಸೂಜಿ ಇಲ್ಲದೆ ಅವು ತಿಂಗಳುಗಟ್ಟಲೆ ಬೆಂಚಿನ ಕೆಳಗೆ ಚಪ್ಪಟೆಯಾಗಿ ಬಿದ್ದಿದ್ದವಂತೆ. ಹತ್ತು ಸಾವಿರದ ಬ್ಯಾಟು ತಂದವನು ನಾನು, ಆ ಸಾಲಿಗೆ ಬೇಕಿದ್ದದ್ದು ಒಂದು ಸೂಜಿ.

ಉಳ್ಳವರ ಲಾಫ್ಟಿನಿಂದ ಇಳಿಯುವುದು ಹೆಚ್ಚಾಗಿ ಕ್ರಿಕೆಟ್ಟು, ಬ್ಯಾಡ್ಮಿಂಟನ್ನು. ಸರ್ಕಾರಿ ಸಾಲಿಯ ಕ್ರೀಡಾಕೂಟದಲ್ಲಿ ಹೆಚ್ಚು ನಡೆಯುವುದು ಕಬಡ್ಡಿ, ಖೋಖೋ, ವಾಲಿಬಾಲು, ಓಟ. ಈ ಅಂತರವನ್ನು ಯಾರಾದರೂ ಮಧ್ಯೆ ನಿಂತು ತುಂಬಬೇಕು, ಮತ್ತು ಅದಕ್ಕೆ ಪುರುಸೊತ್ತು ಇರುವವರು ನಾವು, ಪಿಂಚಣಿಯವರು. ಬ್ಯಾಟು ಹೆಚ್ಚಾದರೆ ಓಣಿಯ ಕೋಚಿಂಗ್ ಹುಡುಗರಿಗೆ ಮಾರಿ, ಆ ರೊಕ್ಕದಲ್ಲಿ ಥ್ರೋಬಾಲು, ನೆಟ್ಟು ಕೊಳ್ಳುವುದನ್ನು ನಾವು ಮೂರ್ನಾಲ್ಕು ನಿವೃತ್ತರು ಶುರು ಮಾಡಿದ್ದೇವೆ. ಕೊಟ್ಟ ಮನೆಯವರಿಗೆ ಹೇಳಿಯೇ ಮಾರುತ್ತೇವೆ. ಸಾಮಾನು ಕೊಡಬೇಕಾದದ್ದು ಜೂನಿನಲ್ಲಿ. ವಲಯ ಮಟ್ಟದ ಆಟಗಳು ಮಳೆಗಾಲದ ನಡುವೆಯೇ ಬಂದುಬಿಡುತ್ತವೆ. ದೀಪಾವಳಿಗೆ ಲಾಫ್ಟ್ ಗುಡಿಸಿ ಕೊಟ್ಟರೆ ಆ ವರ್ಷ ಅದು ಯಾರಿಗೂ ಆಗುವುದಿಲ್ಲ.

ಈ ಜೂನಿಗೆ ಕೇಳಿರುವ ಪಟ್ಟಿ ಹೀಗಿದೆ: ಸಣ್ಣ ಮಕ್ಕಳಿಗಾಗುವ 32ರಿಂದ 34 ಇಂಚಿನ ಹಾಕಿ ಸ್ಟಿಕ್ಕು, ಮೂರರಿಂದ ಆರು ನಂಬರಿನ ಓಟದ ಬೂಟು, ಸೀಟಿ, ವಾಲಿಬಾಲ್ ನೆಟ್ಟು, ಕೈ ಪಂಪು, ಸೂಜಿ ಎಷ್ಟಿದ್ದರೆ ಅಷ್ಟು. ಬ್ಯಾಟು ಸದ್ಯಕ್ಕೆ ಬೇಡ.