ಮುಚ್ಚಿದ ಗಾಡಿಯೋ, ತೆರೆದ ಗಾಡಿಯೋ?

ಕನ್ನಡ ಪಾಠ ಹೇಳುವವನಿಗೆ ಊರಿನಲ್ಲಿ ಒಂದು ವಿಚಿತ್ರವಾದ ಅಧಿಕಾರವಿರುತ್ತದೆ. ಮದುವೆಯ ಕರೆಯೋಲೆಯಲ್ಲಿ ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಕೇಳಲು ಜನ ಬರುತ್ತಾರೆ. ಹುಟ್ಟಿದ ಕೂಸಿಗೆ ಹೆಸರು ಕೇಳುತ್ತಾರೆ. ಹೊಸ ಮನೆಯ ಬಾಗಿಲ ಮೇಲೆ ಏನು ಕೆತ್ತಿಸಬೇಕೆಂದು ಕೇಳುತ್ತಾರೆ. ನಿವೃತ್ತರಾಗುವ ಅಧಿಕಾರಿಗಳಿಗೆ ಮಾನಪತ್ರ ಬರೆದುಕೊಡಿರೆಂದು ದುಂಬಾಲು ಬೀಳುತ್ತಾರೆ. ಬೈಲಹೊಂಗಲದಂಥ ಪೇಟೆಯ ಊರಿನಲ್ಲಿ ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ಯಾವ ಪ್ರಶ್ನೆಗೂ ನಾನು ಸುಲಭವಾಗಿ ಬೆಚ್ಚುವುದಿಲ್ಲ. ಆದರೆ ಈಚೆಗೆ ಬಂದ ಒಂದು ಪ್ರಶ್ನೆಯ ಮುಂದೆ ನನ್ನ ಎಂ.ಎ. ಪದವಿಯೂ ಕೈಕಟ್ಟಿ ನಿಂತಿತು.

ಕ್ಯಾಲಿಫೋರ್ನಿಯಾದಲ್ಲಿ ಗಣಕಯಂತ್ರಗಳ ಕೆಲಸದಲ್ಲಿರುವ ನನ್ನ ಸೋದರಳಿಯ ಫೋನು ಮಾಡಿದ. "ಮಾಮಾ, ಎರಡು ಗಾಡಿ ನೋಡಿಟ್ಟೀನಿ. ಒಂದು ಕೂಪೆ, ಒಂದು ಕನ್ವರ್ಟಿಬಲ್. ಎರಡೂ ಸ್ಪೋರ್ಟ್ಸ್ ಕಾರ್. ಯಾವುದು ತೊಗೊಳ್ಳಲಿ, ನೀವ ಹೇಳ್ರಿ" ಎಂದ. ನನ್ನಲ್ಲಿರುವುದು ಒಂದು ಸ್ಕೂಟರು. ಅದಕ್ಕೆ ಛಾವಣಿಯೂ ಇಲ್ಲ, ಬಾಗಿಲೂ ಇಲ್ಲ. ಆದರೇನು? ನಮ್ಮ ಮನೆಗಳಲ್ಲಿ ಸೋದರಮಾವನನ್ನು ಕೇಳದೆ ಶುಭಕಾರ್ಯ ಮಾಡುವ ರೂಢಿಯಿಲ್ಲ. ಈ ಹುಡುಗನ ಜಾವಳದ ಮೊದಲ ಕೂದಲಿಗೆ ಕತ್ತರಿ ಹಿಡಿದವನು ನಾನೇ. ತಂದೆ ತೀರಿಕೊಂಡ ಮೇಲಂತೂ ಅವನು ಎಲ್ಲವನ್ನೂ ನನಗೆ ಹೇಳಿಯೇ ಮಾಡುತ್ತಾನೆ. ನಾನು ಹೇಳಿದಂತೆಯೇ ಮಾಡುತ್ತಾನೆಂದಲ್ಲ, ಹೇಳಿ ಮಾಡುತ್ತಾನೆ.

ವಾಹನದ ಗುಣದೋಷ ತಿಳಿಯದವನು ಹೆಸರಿನ ಗುಣದೋಷದಿಂದ ಹೊರಡಬೇಕಾಗುತ್ತದೆ. ನಾನು ಬಲ್ಲದ್ದು ಅದೊಂದೇ ದಾರಿ. ಕೂಪೆ ಎಂದೊಡನೆ ಸಂಸ್ಕೃತ ಬಲ್ಲವನು ಬಾವಿಯನ್ನೂ ಅದರೊಳಗಿನ ಕಪ್ಪೆಯನ್ನೂ ನೆನೆದಾನು. ಆ ಕೂಪಕ್ಕೂ ಈ ಕೂಪೆಗೂ ನಂಟಿಲ್ಲ. ಇದು ಫ್ರೆಂಚರ ಮಾತು. 'ಕತ್ತರಿಸಿದ್ದು' ಎಂದು ಅರ್ಥ. ಕುದುರೆ ಸಾರೋಟಿನಲ್ಲಿ ಎದುರುಬದುರಾಗಿ ಎರಡು ಸಾಲು ಆಸನಗಳಿರುತ್ತಿದ್ದ ಕಾಲದಲ್ಲಿ, ಮುಂದಿನ ಸಾಲನ್ನು ಕತ್ತರಿಸಿ ತೆಗೆದು, ಇಬ್ಬರಿಗೆ ಸಾಲುವಂಥ ಮುಚ್ಚಿದ ಗಾಡಿ ಮಾಡಿದರು. ನಮ್ಮ ರೈಲಿನ ಮೊದಲ ದರ್ಜೆಯಲ್ಲಿ ಇಬ್ಬರೇ ಮಲಗುವ ಕೋಣೆಗೆ ಕೂಪೆ ಎನ್ನುವುದೂ ಇದರಿಂದಲೇ. ಇನ್ನು ತೆರೆದ ಕಾರಿಗೆ ಕನ್ವರ್ಟಿಬಲ್ ಎಂಬುದಲ್ಲದೆ ಕ್ಯಾಬ್ರಿಯೊಲೆ ಎಂಬ ಇನ್ನೊಂದು ಹೆಸರುಂಟು. ಅದೂ ಫ್ರೆಂಚ್ ಮಾತೇ. ಆಡಿನ ಹಾಗೆ ನೆಗೆನೆಗೆದು ಓಡುವ ಎರಡು ಗಾಲಿಯ ಹಗುರ ಕುದುರೆಗಾಡಿಗೆ ಇಟ್ಟ ಹೆಸರು. ಬೆಂಗಳೂರಿನಲ್ಲಿ ಜನ ಫೋನು ಒತ್ತಿ ಕರೆಸಿಕೊಳ್ಳುವ ಕ್ಯಾಬು ಇದರ ಬಾಲ ಕತ್ತರಿಸಿದ ರೂಪ.

ಒಂದು ಕತ್ತರಿಸಿದ್ದು, ಇನ್ನೊಂದು ನೆಗೆಯುವುದು. ಇದನ್ನು ಅಳಿಯನಿಗೆ ವಿವರಿಸಿದಾಗ ಅವನು ಬಹಳ ಸೌಜನ್ಯದಿಂದ ಕೇಳಿಸಿಕೊಂಡು, "ಅದು ಖರೆ ಮಾಮಾ. ಆದರ ತೊಗೊಳ್ಳೂದು ಯಾವುದು?" ಎಂದ.

ಆಗ ಅವನು ಕಳಿಸಿದ ವಿವರಗಳನ್ನು ಓದಲೇಬೇಕಾಯಿತು. ಮುಚ್ಚಿದ್ದು ಟೊಯೋಟಾದವರ ಜಿಆರ್86. ತೆರೆದದ್ದು ಮಾಜ್ದಾದವರ ಎಂಎಕ್ಸ್-5. ಅಮೆರಿಕದಲ್ಲಿ ಅದನ್ನು ಮಿಯಾಟಾ ಎನ್ನುತ್ತಾರೆ. 1989ರಲ್ಲಿ ಮೊದಲು ಬಂದ ಇದು 2016ರ ಹೊತ್ತಿಗೆ ಹತ್ತು ಲಕ್ಷದ ಸಂಖ್ಯೆ ಮುಟ್ಟಿತು. ಟೊಯೋಟಾಕ್ಕೆ 228 ಕುದುರೆಗಳ ಬಲ, ಮಾಜ್ದಾಕ್ಕೆ 181. ಕಿತ್ತೂರಿನ ಕೋಟೆಯಿಂದ ದಂಡು ಹೊರಟಂತಿರುವ ಈ ಬಲವೆಲ್ಲ ಇಬ್ಬರನ್ನು ಹೊರುವುದಕ್ಕೆ! ಟೊಯೋಟಾದಲ್ಲಿ ಹಿಂದೆ ಎರಡು ಆಸನಗಳಿವೆ ಎಂಬುದೇನೋ ನಿಜ. ಆದರೆ ಅಲ್ಲಿ ಕೂಡುವವರು ಕಾಲುಗಳನ್ನು ಮನೆಯಲ್ಲಿ ಬಿಟ್ಟುಬರಬೇಕು. ಮಾಜ್ದಾ ಆ ಸೋಗನ್ನೂ ಹಾಕುವುದಿಲ್ಲ.

ಛಾವಣಿ ಎಂದರೆ ಬಿಸಿಲು ಮಳೆಗಳ ತಡೆ ಮಾತ್ರವೆಂದು ನಾವು ಎಣಿಸುತ್ತೇವೆ. ಕಾರಿನಲ್ಲಿ ಹಾಗಲ್ಲ. ಬೂಟಿನ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಂಡು, ಮುಚ್ಚಳ ಅಂಟಿಸಿ ಎರಡು ಕೈಗಳಿಂದ ತಿರುಚಿ ನೋಡಿರಿ, ಬಗ್ಗುವುದಿಲ್ಲ. ಮುಚ್ಚಳ ಕಿತ್ತು ತಿರುಚಿರಿ; ಒದ್ದೆ ಅರಿವೆ ಹಿಂಡಿದಂತೆ ತಿರುಗುತ್ತದೆ. ಮುಚ್ಚಿದ ಕಾರಿನ ಛಾವಣಿಯನ್ನು ಕತ್ತರಿಸಿ ತೆರೆದ ಕಾರು ಮಾಡಿದರೆ ಇದೇ ಗತಿ. ಆದ್ದರಿಂದ ಬಾಗಿಲ ಕೆಳಗಿನ ಅಂಚಿಗೂ ತಳಕ್ಕೂ ಹೆಚ್ಚಿನ ಉಕ್ಕು ತುಂಬಿ ಬಿಗಿಮಾಡಬೇಕು. ಗಾಡಿ ಮಗುಚಿದರೆ ತಲೆ ಉಳಿಯಲೆಂದು ಮುಂಗಾಜಿನ ಚೌಕಟ್ಟನ್ನು ಗಟ್ಟಿಮಾಡಬೇಕು. ತೂಕ ಏರುತ್ತದೆ, ಬೆಲೆಯೂ ಏರುತ್ತದೆ. ಮಾಜ್ದಾದವರು ಮೊದಲಿನಿಂದಲೇ ತೆರೆದ ಗಾಡಿಯೆಂದು ಎಣಿಸಿ ಕಟ್ಟಿದ್ದರಿಂದ ಅದು ಸುಮಾರು 1,070 ಕಿಲೋ ತೂಗುತ್ತದೆ. ಟೊಯೋಟಾ ಅದಕ್ಕಿಂತ ಇನ್ನೂರು ಕಿಲೋ ಭಾರ. ಇಷ್ಟಾದರೂ ಅರಿವೆಯ ಛಾವಣಿ ಅರಿವೆಯ ಛಾವಣಿಯೇ. ವೇಗದಲ್ಲಿ ಗಾಳಿ ಗುಂಯ್ ಎನ್ನುತ್ತದೆ. ಕಳ್ಳನ ಕೈಯಲ್ಲಿ ಒಂದು ಚಾಕು ಇದ್ದರೆ ಸಾಕು. ವಿವೇಕಿಗಳ ಲೆಕ್ಕದಲ್ಲಿ ಕೂಪೆಯೇ ಮೇಲು.

ಆದರೆ ಗಾಡಿಗಳ ಚರಿತ್ರೆಯನ್ನು ಬರೆದದ್ದು ವಿವೇಕಿಗಳೇ ಅಲ್ಲ. ಮೋಟಾರು ಹುಟ್ಟಿದ್ದೇ ಬಯಲಿನಲ್ಲಿ. 1920ರ ಸುಮಾರಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಹೆಚ್ಚಿನವು ತೆರೆದವೇ. ಮರ, ಗಾಜು, ತಗಡುಗಳಿಂದ ಸುತ್ತಲೂ ಮುಚ್ಚಿದ ಕಾರು ಶ್ರೀಮಂತರ ಸೊತ್ತಾಗಿತ್ತು. ಬಡವನು ಗಾಳಿ ಧೂಳು ಕುಡಿಯುತ್ತ ಹೋಗುತ್ತಿದ್ದ. ಆ ದಶಕ ಮುಗಿಯುವುದರೊಳಗೆ ಮುಚ್ಚಿದ ಕಾರು ಅಗ್ಗವಾಗಿ ಎಲ್ಲರ ಪಾಲಾಯಿತು. ಎಲ್ಲರ ತಲೆಯ ಮೇಲೆ ಛಾವಣಿ ಬಂದೊಡನೆ, ಛಾವಣಿ ಇಲ್ಲದಿರುವುದೇ ವೈಭವವಾಯಿತು! ಇಂದು ಒಂದೇ ಜಾತಿಯ ಕಾರಿನಲ್ಲಿ ತೆರೆದದ್ದಕ್ಕೇ ಬೆಲೆ ಹೆಚ್ಚು. ನಮ್ಮ ದೇಶಕ್ಕೂ ಈ ಗಾಳಿ ತಾಕದೆ ಬಿಟ್ಟಿಲ್ಲ. 1990ರ ದಶಕದ ಕೊನೆಗೆ ನಮ್ಮ ನೆರೆಯ ಗೋವೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನದ ತೆರೆದ ಕಾರು ತಯಾರಾಯಿತು. 2012ರ ದಿಲ್ಲಿಯ ಪ್ರದರ್ಶನದಲ್ಲಿ ಅವಂತಿ ಎಂಬ ದೇಶೀ ಕೂಪೆಯನ್ನು ತೋರಿಸಿದರು. ಎರಡೂ ಮನೆಮಾತಾಗಲಿಲ್ಲ. 2020ರಲ್ಲಿ ಬಂದ ಮಹೀಂದ್ರಾದವರ ಥಾರ್ ಗಟ್ಟಿ ಛಾವಣಿಯಲ್ಲಿಯೂ ಮಡಚುವ ಅರಿವೆಯ ಛಾವಣಿಯಲ್ಲಿಯೂ ದೊರೆತಾಗ, ನಮ್ಮ ಅಡತಿ ಅಂಗಡಿಗಳ ಸಾಹುಕಾರರ ಮಕ್ಕಳೂ ಈ ಚರ್ಚೆಯಲ್ಲಿ ಮುಳುಗಿದ್ದನ್ನು ನಾನು ಕೇಳಿದ್ದೇನೆ.

ಹೇಳುವುದಾದರೆ, ನಮ್ಮ ಎರೆಯ ಸೀಮೆಗೆ ಇದು ಹೊಸ ಚರ್ಚೆಯೂ ಅಲ್ಲ. ಚಕ್ಕಡಿ ಎಂದರೆ ಮೂಲತಃ ತೆರೆದ ಗಾಡಿ. ಸುಗ್ಗಿಯಲ್ಲಿ ಜೋಳದ ತೆನೆ, ಹತ್ತಿಯ ಅಂಡಿಗೆ, ಹೊಲಕ್ಕೆ ಗೊಬ್ಬರ, ಎಲ್ಲವೂ ಅದರಲ್ಲೇ. ಅದೇ ಚಕ್ಕಡಿಗೆ ಬಿದಿರ ಬೆತ್ತಗಳನ್ನು ಬಗ್ಗಿಸಿ ಕಮಾನು ಕಟ್ಟಿ, ಚಾಪೆ ಹೊದಿಸಿ, ಮೇಲೊಂದು ತಾಡಪತ್ರಿ ಬಿಗಿದರೆ ಸವಾರಿ ಬಂಡಿಯಾಯಿತು. ಜಾತ್ರೆ ಮುಗಿದು ಊರಿಗೆ ಬಂದ ಮೇಲೆ ಕಮಾನು ಬಿಚ್ಚಿ ಅಟ್ಟಕ್ಕೆ ಏರಿಸಿದರೆ ಮತ್ತೆ ಗೊಬ್ಬರದ ಚಕ್ಕಡಿ. ಕನ್ವರ್ಟಿಬಲ್ ಎಂಬ ಶಬ್ದ ಕೇಳದೆಯೇ ನಮ್ಮ ಬಡಿಗರು ಅದನ್ನು ಮಾಡಿಟ್ಟಿದ್ದರು. ಅಮೆರಿಕದವರಂತೆಯೇ ನಮ್ಮಲ್ಲಿಯೂ ಕಮಾನಿನ ಗಾಡಿ ಎಂದರೆ ಇದ್ದವರ ಮನೆಯದು, ಮರ್ಯಾದೆಯದು.

ಅಳಿಯನ ಗಾಡಿಯನ್ನು ಮನಸ್ಸಿನಲ್ಲಿಯೇ ನಮ್ಮ ದಾರಿಗಳ ಮೇಲೆ ಓಡಿಸಿ ನೋಡಿದೆ. ಆಷಾಢದಲ್ಲಿ ಕಿತ್ತೂರಿನಿಂದ ಹೊರಟೆನೆನ್ನಿ. ಅಲ್ಲಿ ಮಲೆನಾಡಿನ ಸೆರಗು ತಾಗುತ್ತದೆ, ಜಿಟಿಜಿಟಿ ಮಳೆ. ಛಾವಣಿ ಮುಚ್ಚಲೇಬೇಕು. ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಮೋಡ ಚದುರಿ, ಎರಡೂ ಕಡೆ ಕಪ್ಪು ನೆಲ, ಮೇಲೆ ಒಂದೇ ಸಮನೆ ಆಕಾಶ. ಚನ್ನಮ್ಮ ರಾಣಿ ಸೆರೆಯಲ್ಲಿ ಕೊನೆಯ ದಿನಗಳನ್ನು ಕಳೆದು 1829ರಲ್ಲಿ ಕಣ್ಣು ಮುಚ್ಚಿದ ಈ ಊರಿನಲ್ಲಿ ಇಷ್ಟು ಆಕಾಶವಿದೆಯಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಇಲ್ಲಿ ತೆರೆಯಬೇಕು. ಸವದತ್ತಿಯ ಸಮೀಪ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟೆಯ ಗಾಳಿಗಂತೂ ತೆರೆದ ಗಾಡಿಯೇ ಸರಿ. ಅಲ್ಲಿಂದ ರಾಮದುರ್ಗದ ಹಾದಿ ಹಿಡಿದರೆ ಮಳೆ ಮರೆತ ಸೀಮೆ. ಚೈತ್ರದ ಮಧ್ಯಾಹ್ನ ಅಲ್ಲಿ ತೆರೆದ ಗಾಡಿಯಲ್ಲಿ ಹೊರಟವನು ಹಂಚಿನ ಮೇಲಿನ ರೊಟ್ಟಿಯಾಗುತ್ತಾನೆ. ನಾಲ್ಕು ಊರು, ನಾಲ್ಕು ತೀರ್ಪು. ಕೂಪೆಯೇ ಆಗಲಿ ಎಂದು ಹೇಳಿದರೆ ಎರಡು ಊರು ಕಳೆದುಕೊಂಡಂತೆ. ಮಡಚುವ ಛಾವಣಿ ನಾಲ್ಕಕ್ಕೂ ಒದಗುತ್ತದೆ.

ಇಷ್ಟರಲ್ಲಿ ಹುಡುಗನ ತಾಯಿಯನ್ನು ಕೇಳಬೇಕಲ್ಲವೇ? ಅಕ್ಕ ಸವದತ್ತಿಯಲ್ಲಿ ಒಬ್ಬಳೇ ಇರುತ್ತಾಳೆ. ಮಗ ಮೂರು ಸಲ ಕರೆದರೂ ಅವಳು ಅಮೆರಿಕಕ್ಕೆ ಹೋಗಿಲ್ಲ. "ಅಲ್ಲಿ ಹೋಗಿ ಏನು ಮಾಡ್ಲಿ? ಅವ ಕೆಲಸಕ್ಕ ಹೋಗ್ತಾನ. ನಾ ಕದಾ ಹಾಕ್ಕೊಂಡು ಒಳಗ ಕುಂದ್ರೂದು. ಅದನ್ನ ಇಲ್ಲೇ ಮಾಡ್ತೀನಿ" ಎನ್ನುವುದು ಅವಳ ಸಿದ್ಧ ಉತ್ತರ. ಈಚೆಗೆ ಮಗ ಕರೆಯುವುದನ್ನೂ ಬಿಟ್ಟಿದ್ದ. ಒಂದು ರವಿವಾರ ಹೋಗಿ, ಇಬ್ಬರೇ ಕೂಡುವ ಈ ಗಾಡಿಗಳ ವಿಷಯ ಹೇಳಿದರೆ ಅವಳು ಬೇಸರಗೊಂಡಾಳು, ತಾಯಿಗೆ ಜಾಗವೇ ಇಲ್ಲವೆಂದಾಳು ಎಂಬ ಅಳುಕು ನನಗಿತ್ತು. ಫೋನಿನಲ್ಲಿ ಎರಡೂ ಚಿತ್ರ ತೋರಿಸಿದೆ. ಅವಳು ಕನ್ನಡಕ ಏರಿಸಿ ತೆರೆದ ಗಾಡಿಯನ್ನೇ ಬಹಳ ಹೊತ್ತು ನೋಡಿದಳು.

"ತಮ್ಮಾ, ಗುಡ್ಡಕ್ಕ ಹೋಗ್ತಿದ್ವಲ್ಲ, ನೆನಪೈತೇನು?" ಎಂದಳು.

ನೆನಪಿಲ್ಲದೆ ಏನು! ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ನಮ್ಮ ಅಜ್ಜನ ಸವಾರಿ ಬಂಡಿ ಹೊರಡುತ್ತಿತ್ತು. ಎತ್ತುಗಳಿಗೆ ಗೆಜ್ಜೆಸರ, ಕೆಳಗೆ ಹುಲ್ಲು ಹಾಸಿ ಮೇಲೆ ಕೌದಿ, ರೊಟ್ಟಿಯ ಗಂಟು, ಶೇಂಗಾ ಚಟ್ನಿ. ದಾರಿಯುದ್ದಕ್ಕೂ ಚಕ್ಕಡಿಗಳ ಸಾಲು, "ಉಧೋ ಉಧೋ" ಎಂಬ ಕೂಗು. ನಾನು ಏಳು ವರ್ಷದವನು. ಅಜ್ಜನ ಪಕ್ಕದಲ್ಲಿ ಮುಂದೆಯೇ ಕೂಡುತ್ತಿದ್ದೆ. ಎತ್ತಿನ ಇಣಿಯ ಮೇಲೆ ಬೆಳುದಿಂಗಳು ಬಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಅಕ್ಕನಿಗೆ ಹದಿನೇಳು, ಅವಳೂ ಅವ್ವನೂ ಅತ್ತೆಯೂ ಕಮಾನಿನ ಒಳಗೆ.

"ಹುಣ್ಣಿಮಿಗೆ ಅಂತ ಹೋಗ್ತಿದ್ವಿ. ನಾ ಚಂದ್ರನ್ನ ನೋಡಿದ್ದು ಚಾಪಿ ತೂತಿನಾಗಿಂದ. ಮುಂದಿನ ದಾರಿ ಅಜ್ಜಗ, ನಿನಗ. ನಮಗ ಕಾಣಿಸ್ತಿದ್ದದ್ದು ಹಿಂದಿನ ದಾರಿ, ಅದೂ ಧೂಳು. ಒಮ್ಮೆ ಪರದೆ ಸರಿಸಿ ತಲಿ ಹೊರಗ ಹಾಕಿದ್ದಕ್ಕ ಅತ್ತಿ ಬೈದಿದ್ದು ಇನ್ನೂ ಕಿವ್ಯಾಗೈತಿ."

ಈ ಮಾತನ್ನು ಅವಳು ದೂರುವ ಧಾಟಿಯಲ್ಲಿ ಹೇಳಲಿಲ್ಲ. ಹಳೆಯ ಲೆಕ್ಕವೊಂದನ್ನು ಓದುವವರಂತೆ ಹೇಳಿದಳು. ಅದೇ ಬಂಡಿ, ಅದೇ ದಾರಿ, ಅದೇ ಹುಣ್ಣಿಮೆ. ನಾನು ನೋಡಿದ ಜಾತ್ರೆ ಒಂದು, ಅವಳು ಕೇಳಿದ ಜಾತ್ರೆ ಇನ್ನೊಂದು. ನಮಗಿಬ್ಬರಿಗೂ ನಡುವೆ ಇದ್ದದ್ದು ಒಂದು ಚಾಪೆ. ಆ ಚಾಪೆ ಬಿಸಿಲಿಗೆ, ಮಂಜಿಗೆ ಒಳ್ಳೆಯದೇ. ಅಜ್ಜ ಅದನ್ನು ಪ್ರೀತಿಯಿಂದಲೇ ಕಟ್ಟಿದ್ದ. ಆದರೆ ಬಿಚ್ಚುವ ಮಾತು ಒಳಗಿದ್ದವರ ಕೈಯಲ್ಲಿರಲಿಲ್ಲ. ಛಾವಣಿ ಬೇಕೋ ಬೇಡವೋ ಎಂಬುದು ಅಳಿಯನಿಗೆ ಅಭಿರುಚಿಯ ಪ್ರಶ್ನೆ. ನನಗೆ ಅದು ಉಕ್ಕಿನ, ತೂಕದ, ಶಬ್ದದ ಪ್ರಶ್ನೆಯಾಗಿತ್ತು. ಅವಳು ಕೇಳಿದ್ದು ಬೇರೆಯೇ.

"ಇದನ್ನ ಮುಚ್ಚಲಿಕ್ಕೂ ಬರ್ತೈತೇನು?"

"ಬರ್ತೈತಿ. ನೆತ್ತಿ ಮ್ಯಾಲ ಒಂದು ಕೊಂಡಿ ಐತಿ. ಬಿಚ್ಚಿ ಹಿಂದಕ್ಕ ಸರಿಸಿದರ ತೆರೀತೈತಿ, ಮುಂದಕ್ಕ ಎಳದರ ಮುಚ್ತೈತಿ."

"ಯಾರು ಎಳೀಬೇಕು?"

"ಒಳಗ ಕುಂತವರ."

"ಹಂಗಾದರ ಅದನ್ನ ತೊಗೋ ಅನ್ನು" ಎಂದಳು. ಚಹಾ ತರಲು ಎದ್ದವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಪಾಸ್‌ಪೋರ್ಟಿಗೆ ಏನೇನು ಕಾಗದ ಬೇಕಾಗುತ್ತವೆ ಎಂದು ಕೇಳಿದಳು.

ಆ ರಾತ್ರಿಯೇ ಅಳಿಯನಿಗೆ ತೀರ್ಪು ತಿಳಿಸಿದೆ. ತಾಯಿ ಬರುತ್ತಾಳೆಂದು ಕೇಳಿ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎಂಜಿನಿಯರನಿಗೆ ತಕ್ಕಂತೆ ಒಂದು ತೊಡಕು ತೆಗೆದ: "ಮಾಮಾ, ಅದರಾಗ ಸಾಮಾನಿಡೋ ಜಾಗಾ ಬರೇ 130 ಲೀಟರ್. ಅವ್ವನ ಟ್ರಂಕು ಹಿಡಸೂದಿಲ್ಲ."

ಟ್ರಂಕನ್ನು ಬೇರೆ ಗಾಡಿಯಲ್ಲಿ ತರಿಸಿಕೊಂಡರಾಯಿತು ಎಂದೆ. ರೊಟ್ಟಿಯ ಗಂಟಿನ ಚಿಂತೆ ಅವನಿಗೆ ಬೇಡ. ಅದನ್ನು ಅವಳು ಹೇಗೂ ಮಡಿಲಲ್ಲಿಯೇ ಇಟ್ಟುಕೊಂಡು ಕೂಡುತ್ತಾಳೆ.