ಸಬ್ಮಿಟ್ ಗುಂಡಿಯ ಹಿಂದೆ

ವೆಬ್ ಫಾರಂ ತೆರೆಯ ಮೇಲೆ ಖಾನೆಗಳ ಸಾಲಾಗಿ ಕಾಣುತ್ತದೆ. ಒಳಗೆ ಇರುವುದು ಹೆಸರು ಮತ್ತು ಮೌಲ್ಯಗಳ ಜೋಡಿಗಳು. ಖಾನೆಯ ಹೆಸರನ್ನು ಪುಟ ಬರೆದವರು ಇಟ್ಟಿರುತ್ತಾರೆ, ಮೌಲ್ಯವನ್ನು ತುಂಬುವವರು ಕೊಡುತ್ತಾರೆ. ಸಬ್ಮಿಟ್ ಒತ್ತಿದ ಕ್ಷಣ ಬ್ರೌಸರು ಆ ಜೋಡಿಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ ಸರ್ವರಿಗೆ ಕಳಿಸುತ್ತದೆ. 1995ರ ನವೆಂಬರ್‌ನಲ್ಲಿ ಎಚ್‌ಟಿಎಂಎಲ್ 2.0 ಪ್ರಕಟವಾದಾಗ ಈ ಏರ್ಪಾಟು ಅದರಲ್ಲಿತ್ತು, ಇಂದಿಗೂ ಬುಡದಲ್ಲಿ ಇರುವುದು ಅದೇ. ಬ್ರೌಸರು ಕಳಿಸುವ ಎಳೆಯನ್ನು ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಮೂ ಕಳಿಸಬಲ್ಲದು. ತಾನಾಗಿ ಲಾಗಿನ್ ಆಗಿ ಫಾರಂ ತುಂಬುವ ಸ್ಕ್ರಿಪ್ಟ್‌ಗಳೆಲ್ಲ ನಿಂತಿರುವುದು ಇಷ್ಟರ ಮೇಲೆ.

ಈ ಕಸುಬಿಗೆ ಕೆಲಸ ಎಲ್ಲಿ ಸಿಗುತ್ತದೆ ಎಂದು ನೋಡಲು ದಾಬಸ್‌ಪೇಟೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯ ಈ ಊರಿನಲ್ಲಿ ಬೆಂಗಳೂರು–ತುಮಕೂರು ಹೆದ್ದಾರಿಗೆ ದೊಡ್ಡಬಳ್ಳಾಪುರದ ರಸ್ತೆ ಬಂದು ಸೇರುತ್ತದೆ. ಶಿವಗಂಗೆ ಬೆಟ್ಟದ ನೆರಳಿನಲ್ಲಿದ್ದ ಪೇಟೆಯ ಸುತ್ತ ಕೈಗಾರಿಕಾ ಪ್ರದೇಶ ಬೆಳೆದು, ಕಾರ್ಖಾನೆ ಮತ್ತು ಗೋಡೌನುಗಳಿಂದ ಹೊರಡುವ ಲಾರಿಗಳು ಹಗಲಿರುಳು ಹೆದ್ದಾರಿಗೆ ಇಳಿಯುತ್ತವೆ. 50,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಸರಕು ಗೇಟು ದಾಟಬೇಕಾದರೆ, ವಿನಾಯಿತಿ ಇರುವ ಕೆಲವು ಸರಕುಗಳನ್ನು ಬಿಟ್ಟು, ಜೊತೆಗೆ ಇ-ವೇ ಬಿಲ್ ಎಂಬ ಸಾಗಣೆ ದಾಖಲೆ ಇರಬೇಕು. ಆ ಬಿಲ್ ಹುಟ್ಟುವುದು ಒಂದು ವೆಬ್ ಫಾರಂನಲ್ಲಿ.

ಕರ್ನಾಟಕಕ್ಕೆ ಇಂಥ ಫಾರಂ ಹೊಸದಲ್ಲ. ಜಿಎಸ್‌ಟಿಗೆ ಮೊದಲು, ವ್ಯಾಟ್ ಕಾಲದಲ್ಲೇ, ವಾಣಿಜ್ಯ ತೆರಿಗೆ ಇಲಾಖೆಯ ಇ-ಸುಗಮ್ ಇತ್ತು. ಸರಕು ಹೊರಡುವ ಮೊದಲೇ ವಿವರ ತುಂಬಿ ಸಂಖ್ಯೆ ಪಡೆಯುವ ರೂಢಿ ಇಲ್ಲಿನ ಗುಮಾಸ್ತರಿಗೆ ಆಗಲೇ ಬಂದಿತ್ತು. ಹೊಸ ಇ-ವೇ ಬಿಲ್ ವ್ಯವಸ್ಥೆಯನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿತು. ಅದನ್ನು ಮೊದಲು ಬಳಸಿ ನೋಡಿದ ರಾಜ್ಯವೂ ಕರ್ನಾಟಕವೇ, 2017ರ ಸೆಪ್ಟೆಂಬರ್‌ನಲ್ಲಿ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ದೇಶವೆಲ್ಲ ಅದಕ್ಕೆ ಬಂತು.

ಫಾರಂನಲ್ಲಿ ಎರಡು ಭಾಗ. ಭಾಗ-ಎಯಲ್ಲಿ ಕಳಿಸುವವರ ಮತ್ತು ಪಡೆಯುವವರ ಜಿಎಸ್‌ಟಿ ಸಂಖ್ಯೆ, ಇನ್‌ವಾಯ್ಸ್ ಸಂಖ್ಯೆ, ದಿನಾಂಕ, ಸರಕಿನ ವರ್ಗ ಸೂಚಿಸುವ ಎಚ್‌ಎಸ್‌ಎನ್ ಸಂಕೇತ, ಮೌಲ್ಯ, ಎರಡೂ ಕಡೆಯ ಪಿನ್‌ಕೋಡ್. ಭಾಗ-ಬಿಯಲ್ಲಿ ಲಾರಿಯ ನಂಬರು. ಎಲ್ಲ ಸರಿಯಿದ್ದರೆ ಹನ್ನೆರಡು ಅಂಕಿಯ ಬಿಲ್ ಸಂಖ್ಯೆ ಬರುತ್ತದೆ. ಕಳಿಸುವವರ ವಿವರ ಪ್ರತಿ ಬಾರಿಯೂ ಒಂದೇ, ದಾಬಸ್‌ಪೇಟೆಯ ಪಿನ್‌ಕೋಡ್ 562111 ಒಂದೇ, ಪಡೆಯುವವರೂ ಹೆಚ್ಚಾಗಿ ಹಳೆಯ ಗಿರಾಕಿಗಳೇ. ಬದಲಾಗುವುದು ನಾಲ್ಕೈದು ಖಾನೆ ಮಾತ್ರ. ಸ್ಕ್ರಿಪ್ಟ್ ಬರೆಯುವವರ ಕಣ್ಣು ಮೊದಲು ಬೀಳುವುದು ಇಂಥ ಪುನರಾವರ್ತನೆಯ ಮೇಲೆ. ಯಾವುದು ಸ್ಥಿರ, ಯಾವುದು ಚರ ಎಂದು ಬೇರ್ಪಡಿಸಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧದಲ್ಲಿ ಮೊದಲ ಹೆಜ್ಜೆ, ಬ್ರೌಸರು ನಿಜವಾಗಿ ಏನು ಕಳಿಸುತ್ತಿದೆ ಎಂದು ನೋಡುವುದು. ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿ ತೆರೆದಿಟ್ಟುಕೊಂಡು, ಕೈಯಿಂದಲೇ ಒಮ್ಮೆ ಫಾರಂ ತುಂಬಿ ಕಳಿಸಿದರೆ, ತೆರೆಯ ಹಿಂದೆ ನಡೆದ ಮಾತುಕತೆ ಸಾಲುಸಾಲಾಗಿ ಕಾಣುತ್ತದೆ. ಈ ಕಸುಬಿನ ಅತ್ಯಂತ ರುಚಿಯ ಘಳಿಗೆ ಇದು. ಪುಟ ಕೇಳಿದಾಗ ಹೋದದ್ದು ಗೆಟ್, ವಿವರ ಸಲ್ಲಿಸಿದಾಗ ಹೋದದ್ದು ಪೋಸ್ಟ್. ಗೆಟ್ ಕೇವಲ ಕೇಳುವುದಕ್ಕೆ, ಎಷ್ಟು ಸಲ ಕಳಿಸಿದರೂ ಅತ್ತ ಏನೂ ಬದಲಾಗಬಾರದು. ಪೋಸ್ಟ್ ಅತ್ತ ಒಂದು ದಾಖಲೆ ಹುಟ್ಟಿಸಬಹುದು, ಆದ್ದರಿಂದ ಅದನ್ನು ಎರಡನೇ ಸಲ ಕಳಿಸುವ ಮುನ್ನ ಯೋಚಿಸಬೇಕು. ಕಣ್ಣಿಗೆ ಕಾಣದ ಖಾನೆಗಳೂ ಅಲ್ಲಿ ಬಯಲಾಗುತ್ತವೆ. ಅವುಗಳಲ್ಲಿ ಒಂದು ಸಾಮಾನ್ಯವಾಗಿ ಉದ್ದನೆಯ ಗುಪ್ತ ಟೋಕನ್. ಬೇರೆ ತಾಣವೊಂದು ಬಳಕೆದಾರರ ಹೆಸರಿನಲ್ಲಿ ಕಳ್ಳ ಫಾರಂ ಕಳಿಸದಂತೆ ತಡೆಯಲು ಸರ್ವರು ಅದನ್ನು ಪ್ರತಿ ಲಾಗಿನ್ನಿಗೆ ಇಲ್ಲವೆ ಪ್ರತಿ ಪುಟಕ್ಕೆ ಹೊಸದಾಗಿ ಇಟ್ಟಿರುತ್ತದೆ. ಸ್ಕ್ರಿಪ್ಟು ಮೊದಲು ಪುಟವನ್ನು ತರಿಸಿ, ಅದರೊಳಗಿನ ಟೋಕನ್ ಹೆಕ್ಕಿ, ಆಮೇಲೆ ಜೋಡಿಗಳ ಜೊತೆ ಹಿಂದಕ್ಕೆ ಕಳಿಸಬೇಕು. ನಿನ್ನೆಯ ಟೋಕನ್ ಇಂದು ನಡೆಯುವುದಿಲ್ಲ. ಕಲಿಯುವವರ ಮೊದಲ ಸ್ಕ್ರಿಪ್ಟ್‌ಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಲಾಗಿನ್ ಕೂಡ ಒಂದು ಫಾರಂ, ಎರಡು ಖಾನೆಯದು. ಆದರೆ ವೆಬ್ಬಿಗೆ ಹುಟ್ಟಿನಿಂದ ನೆನಪಿಲ್ಲ. ಒಂದು ಕೋರಿಕೆಗೆ ಉತ್ತರ ಕೊಟ್ಟ ಮೇಲೆ ಸರ್ವರಿಗೆ ಕೇಳಿದವರು ಯಾರೆಂದೇ ಮರೆತುಹೋಗುತ್ತದೆ. ಈ ಕೊರತೆಗೆ 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲ್ಲಿ ಕುಕಿಯನ್ನು ಮದ್ದಾಗಿ ಕೊಟ್ಟರು. ಪಾಸ್‌ವರ್ಡ್ ಸರಿಯಾದಾಗ ಸರ್ವರು ಕುಕಿಯ ರೂಪದಲ್ಲಿ ಒಂದು ಗುರುತು ಕೊಡುತ್ತದೆ. ಮುಂದಿನ ಪ್ರತಿ ಕೋರಿಕೆಯ ಜೊತೆ ಅದನ್ನು ತೋರಿಸಬೇಕು. ಶಿವಗಂಗೆಗೆ ಹೋದವರು ಚಪ್ಪಲಿ ಬಿಟ್ಟು ಪಡೆಯುವ ಬಿಲ್ಲೆಯ ಹಾಗೆ ಇದು: ಬಿಲ್ಲೆಯಲ್ಲಿ ಭಕ್ತರ ಹೆಸರಿಲ್ಲ, ಊರಿಲ್ಲ, ಆದರೆ ಅದು ಕೈಯಲ್ಲಿದ್ದವರಿಗೆ ಚಪ್ಪಲಿ ಸಿಗುತ್ತದೆ. ಕುಕಿಯನ್ನು ಪಾಸ್‌ವರ್ಡಿನಷ್ಟೇ ಜೋಪಾನ ಮಾಡಬೇಕಾದ ಕಾರಣವೂ ಅದರಲ್ಲೇ ಇದೆ.

ಸಲಕರಣೆಗಳು ಎರಡು ಜಾತಿಯವು. ಒಂದು, ಬ್ರೌಸರಿನ ಹಂಗಿಲ್ಲದೆ ನೇರವಾಗಿ ಸರ್ವರಿನ ಜೊತೆ ಮಾತಾಡುವುದು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ನಾಣ್ಯಗಳ ವಿನಿಮಯ ದರ ತರಿಸಿಕೊಳ್ಳಲು ಕೈಹಾಕಿದ ಪುಟ್ಟ ಪ್ರೋಗ್ರಾಮು 1998ರಲ್ಲಿ ಕರ್ಲ್ ಎಂಬ ಹೆಸರು ಪಡೆಯಿತು. ಇಂದು ಅದು ಇಲ್ಲದ ಯಂತ್ರ ಅಪರೂಪ. ಪೈಥಾನ್ ಬಲ್ಲವರಿಗೆ 2011ರಿಂದ ರಿಕ್ವೆಸ್ಟ್ಸ್ ಇದೆ. ಅದರ ಸೆಷನ್ ಎಂಬ ವಸ್ತು ಕುಕಿಗಳನ್ನು ತಾನೇ ಹಿಡಿದಿಟ್ಟುಕೊಂಡು ತಾನೇ ತೋರಿಸುತ್ತದೆ. ಎರಡನೆಯ ಜಾತಿ, ನಿಜವಾದ ಬ್ರೌಸರನ್ನೇ ತೆರೆದು ಕೈಯ ಬದಲು ಸ್ಕ್ರಿಪ್ಟು ಅದನ್ನು ಓಡಿಸುವುದು. 2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್‌ನಲ್ಲಿ ಜೇಸನ್ ಹಗಿನ್ಸ್ ಸೆಲೆನಿಯಂ ಬರೆದದ್ದು ಸಿಬ್ಬಂದಿಯ ವೇಳೆ ಮತ್ತು ಖರ್ಚು ತುಂಬುವ ಒಳಗಿನ ಫಾರಂ ಒಂದನ್ನು ಪರೀಕ್ಷಿಸಲು. 2020ರಲ್ಲಿ ಮೈಕ್ರೋಸಾಫ್ಟಿನ ಪ್ಲೇರೈಟ್ ಬಂತು.

ಪುಟದ ಬಹುಪಾಲು ಜಾವಾಸ್ಕ್ರಿಪ್ಟಿನಲ್ಲಿ ಹುಟ್ಟುವುದಾದರೆ ಹೆಚ್ಚಾಗಿ ಎರಡನೆಯ ಜಾತಿಯೇ ಗತಿ. ಅದರ ದೊಡ್ಡ ಸಮಸ್ಯೆ ಕಾಯುವುದು. ಗುಂಡಿ ಒತ್ತಿದ ಮೇಲೆ ಐದು ಸೆಕೆಂಡು ಸುಮ್ಮನಿರು ಎಂದು ಬರೆದ ಸ್ಕ್ರಿಪ್ಟು ಬೆಳಿಗ್ಗೆ ಓಡುತ್ತದೆ, ಎಲ್ಲ ಗೋಡೌನುಗಳೂ ಒಟ್ಟಿಗೆ ಬಿಲ್ ಮಾಡುವ ಸಂಜೆ ಕೆಡುತ್ತದೆ. ಗಡಿಯಾರ ನೋಡಿ ಕಾಯುವುದು ಕಳಪೆ ಕೆಲಸ. ಬೇಕಾದ ಖಾನೆ ತೆರೆಯ ಮೇಲೆ ಮೂಡುವವರೆಗೆ, ಅಥವಾ ಒಂದು ಗೊತ್ತಾದ ಮಿತಿಯವರೆಗೆ ಕಾಯುವುದು ಸರಿಯಾದ ಕ್ರಮ. ಪ್ಲೇರೈಟ್ ಇದನ್ನು ತಾನಾಗಿಯೇ ಮಾಡುತ್ತದೆ. ಸೆಲೆನಿಯಂನಲ್ಲಿ ಬರೆದು ಹೇಳಬೇಕು.

ಕಳಿಸುವ ಮುಂಚೆ ಮಾಡುವ ತಪಾಸಣೆಯಲ್ಲಿ ಈ ಕಸುಬಿನ ನಿಜವಾದ ನಾಜೂಕು ಇದೆ. ಜಿಎಸ್‌ಟಿ ಸಂಖ್ಯೆಯಲ್ಲಿ ಹದಿನೈದು ಅಕ್ಷರ. ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಕೊನೆಯದು ತಾಳೆಯ ಅಕ್ಷರ, ಅದನ್ನು ಲೆಕ್ಕದಿಂದ ಪಡೆಯಬಹುದು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಿಗೆ ಅವುಗಳದೇ ಬೆಲೆ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ 10ರಿಂದ 35ರ ಬೆಲೆ. ಮೊದಲ ಹದಿನಾಲ್ಕನ್ನು ಒಂದು ಬಿಟ್ಟೊಂದು 1 ಮತ್ತು 2ರಿಂದ ಗುಣಿಸಿ, ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷ ಎರಡನ್ನೂ ಕೂಡಿಸುತ್ತ ಹೋಗಬೇಕು. ಒಟ್ಟು ಮೊತ್ತಕ್ಕೆ ಎಷ್ಟು ಸೇರಿಸಿದರೆ 36ರಿಂದ ನಿಶ್ಶೇಷವಾಗಿ ಭಾಗವಾಗುತ್ತದೋ ಅದೇ ತಾಳೆಯ ಅಕ್ಷರದ ಬೆಲೆ. ಹತ್ತು ಸಾಲಿನ ಈ ಲೆಕ್ಕ ಸ್ಕ್ರಿಪ್ಟಿನಲ್ಲಿದ್ದರೆ, ಅವಸರದಲ್ಲಿ ತಪ್ಪಿದ ಒಂದು ಅಂಕಿ ಸರ್ವರಿನವರೆಗೆ ಹೋಗುವುದೇ ಇಲ್ಲ. ಲಾರಿಯ ನಂಬರೂ ಅಷ್ಟೆ. ಗೇಟಿನ ರಿಜಿಸ್ಟರಿನಲ್ಲಿ ಡ್ರೈವರು ಬರೆದದ್ದರಲ್ಲಿ ನೆಲಮಂಗಲದ ಕೆಎ 52 ಆಗಲಿ ತುಮಕೂರಿನ ಕೆಎ 06 ಆಗಲಿ, ನಡುವೆ ಖಾಲಿ ಜಾಗ, ಅಡ್ಡಗೆರೆ, ಚುಕ್ಕಿ ಇರುತ್ತವೆ. ಅವನ್ನೆಲ್ಲ ಬಳಿದು, 6ರ ಹಿಂದಿನ ಸೊನ್ನೆ ಉಳಿದಿದೆಯೇ ಎಂದು ನೋಡಿ ಕಳಿಸಬೇಕು. ಹಾಳೆಯನ್ನು ಎಕ್ಸೆಲ್ಲಿಗೆ ಏರಿಸುವಾಗ ನಂಬರನ್ನು ಬಿಡಿ ಖಾನೆಗಳಾಗಿ ಒಡೆದರೆ ಮೊದಲು ಮಾಯವಾಗುವುದು ಆ ಸೊನ್ನೆಯೇ.

ಎಲ್ಲ ಲೆಕ್ಕವನ್ನೂ ಸ್ಕ್ರಿಪ್ಟಿಗೆ ಹೊರಿಸುವುದು ಜಾಣತನವಲ್ಲ. ಇ-ವೇ ಬಿಲ್ಲಿನ ಆಯಸ್ಸು ದೂರದ ಮೇಲೆ ನಿಂತಿದೆ. ಮೊದಲು 100 ಕಿಲೋಮೀಟರಿಗೆ ಒಂದು ದಿನ, 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ. ಸುಮಾರು 360 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ದಾಬಸ್‌ಪೇಟೆಯಿಂದ ನಾಲ್ಕು ದಿನ ಸಿಗುತ್ತಿದ್ದದ್ದು ಎರಡಾಯಿತು. ದಿನದ ಲೆಕ್ಕವನ್ನು ತನ್ನೊಳಗೇ ಬರೆದುಕೊಂಡ ಸ್ಕ್ರಿಪ್ಟು ಆ ಬೆಳಿಗ್ಗೆಯಿಂದ ಸುಳ್ಳು ಹೇಳುತ್ತದೆ. ಪಿನ್‌ಕೋಡುಗಳ ನಡುವಿನ ದೂರವನ್ನು ಸರ್ವರೇ ಲೆಕ್ಕ ಹಾಕುತ್ತದೆ, ಆಯಸ್ಸನ್ನೂ ಅದೇ ಹೇಳುತ್ತದೆ. ನಿಯಮ ಯಾರದ್ದೋ ಲೆಕ್ಕವೂ ಅವರದ್ದೇ ಇರಲಿ, ಉತ್ತರವನ್ನು ಓದಿ ದಾಖಲಿಸಿದರೆ ಸಾಕು.

ಕನ್ನಡದಲ್ಲಿ ತುಂಬುವ ಫಾರಂಗಳಲ್ಲಿ ಇನ್ನೊಂದು ಪದರವಿದೆ. ಪೋಸ್ಟಿನ ಎಳೆಯಲ್ಲಿ ಕನ್ನಡ ಅಕ್ಷರ ಹಾಗೆಯೇ ಹೋಗುವುದಿಲ್ಲ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟು, ಪ್ರತಿ ಬೈಟಿಗೆ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ. ‘ದಾಬಸ್‌ಪೇಟೆ’ ಎಂಬುದರಲ್ಲಿ ದ, ದೀರ್ಘ, ಬ, ಸ, ಹಲಂತ, ಪ, ಏತ್ವ, ಟ, ಎತ್ವ ಸೇರಿ ಒಂಬತ್ತು ಸಂಕೇತ ಕಾಣುತ್ತವೆ. ಇರುವುದು ಹತ್ತು. ಸಕಾರಕ್ಕೆ ಪಕಾರ ಒತ್ತಾಗಿ ಇಳಿಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ತಡೆಸಂಕೇತ ಕೂತಿರುತ್ತದೆ, ಅದಕ್ಕೂ ಮೂರು ಬೈಟು. ಅಲ್ಲಿಗೆ ಊರಿನ ಹೆಸರು ಎಳೆಯಲ್ಲಿ ತೊಂಬತ್ತು ಅಕ್ಷರವಾಗುತ್ತದೆ. ಒಂದು ಪಟ್ಟಿಯಲ್ಲಿ ತಡೆಸಂಕೇತವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಮನುಷ್ಯರು ಒಂದೇ ಊರೆಂದು ಓದುವುದನ್ನು ಸ್ಕ್ರಿಪ್ಟು ಎರಡೆಂದು ತಿಳಿಯುತ್ತದೆ. ಇಂಗ್ಲಿಷ್ ಕಾಗುಣಿತವಂತೂ ಬೋರ್ಡಿನಿಂದ ಬೋರ್ಡಿಗೆ ಬೇರೆ. ಹೋಲಿಸುವ ಮೊದಲು ತಡೆಸಂಕೇತಗಳನ್ನು ತೆಗೆಯುವುದು, ಆಯ್ಕೆಯ ಪಟ್ಟಿ ಇರುವಲ್ಲಿ ಹೆಸರನ್ನು ಬಿಟ್ಟು ಅದರ ಹಿಂದಿನ ಸಂಕೇತ ಸಂಖ್ಯೆಯನ್ನು ಹಿಡಿಯುವುದು, ಇವೆರಡೂ ರೂಢಿಯಾಗಬೇಕು.

ಉತ್ತರ ಓದುವಾಗಲೂ ಎಚ್ಚರ ಬೇಕು. ಪಾಸ್‌ವರ್ಡ್ ತಪ್ಪಿದಾಗಲೂ ಅನೇಕ ತಾಣಗಳು 200 ಎಂಬ ಯಶಸ್ಸಿನ ಸಂಖ್ಯೆಯನ್ನೇ ಕೊಟ್ಟು, ತಪ್ಪಿನ ಮಾತನ್ನು ಪುಟದೊಳಗೆ ಬರೆಯುತ್ತವೆ. ಯಶಸ್ಸಿಗೆ ಪುರಾವೆ ಆ ಹನ್ನೆರಡು ಅಂಕಿ ಮಾತ್ರ. ಅದು ಕೈಗೆ ಬಾರದೆ ಸಂಪರ್ಕ ಕಡಿದರೆ ಬಿಲ್ ಆಯಿತೋ ಇಲ್ಲವೋ ತಿಳಿಯದು. ಆಗ ಮತ್ತೆ ಕಳಿಸುವ ಮುನ್ನ ಆ ಇನ್‌ವಾಯ್ಸ್ ಸಂಖ್ಯೆಗೆ ಬಿಲ್ ಹುಟ್ಟಿದೆಯೇ ಎಂದು ಹುಡುಕಬೇಕು. ಒಂದೇ ಇನ್‌ವಾಯ್ಸಿಗೆ ಎರಡನೇ ಬಿಲ್ಲನ್ನು ಇ-ವೇ ವ್ಯವಸ್ಥೆ ನಿರಾಕರಿಸುತ್ತದೆ, ಆದರೆ ಎಲ್ಲ ತಾಣಗಳಿಗೂ ಆ ಮುಂದಾಲೋಚನೆ ಇರುವುದಿಲ್ಲ. 429 ಎಂಬ ಉತ್ತರ ಬಂದರೆ ಕೋರಿಕೆಗಳು ಅತಿಯಾದವು ಎಂದರ್ಥ, ಪ್ರತಿ ಸಲ ಬಿಡುವನ್ನು ಇಮ್ಮಡಿ ಮಾಡುತ್ತ ಹೋಗಬೇಕು. ಪ್ರತಿ ಯತ್ನದ ಹೊತ್ತು, ಕಳಿಸಿದ್ದು, ಬಂದದ್ದು ಒಂದು ಕಡತದಲ್ಲಿ ಉಳಿಯಬೇಕು, ಪಾಸ್‌ವರ್ಡ್ ಮಾತ್ರ ಆ ಕಡತಕ್ಕೂ ಸ್ಕ್ರಿಪ್ಟಿಗೂ ಬರಕೂಡದು. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಮುಖ್ಯ ಖಾತೆಯ ಕೆಳಗೆ ಉಪಬಳಕೆದಾರರನ್ನು ಸೃಷ್ಟಿಸಿ ಬೇಕಾದ ಅಧಿಕಾರವಷ್ಟನ್ನೇ ಕೊಡುವ ಸೌಲಭ್ಯವಿದೆ. ಗೋಡೌನಿನ ಮೇಜಿಗೆ ಅಷ್ಟೇ ಸಾಕು.

ಆ ಪೋರ್ಟಲಿನ ಹೊಸ್ತಿಲಲ್ಲಿ ಕ್ಯಾಪ್ಚಾ ನಿಂತಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್, ಮ್ಯಾನುಯೆಲ್ ಬ್ಲಮ್ ಮತ್ತು ಸಂಗಡಿಗರು ಆ ಹೆಸರಿಟ್ಟ ಒಗಟು ಇಲ್ಲಿ ಮನುಷ್ಯರೇ ಇರಲಿ ಎಂಬ ಸರ್ವರಿನ ಸ್ಪಷ್ಟ ಕೋರಿಕೆ. ಒಟಿಪಿಯೂ ಅಂಥದೇ. ಇ-ವೇ ಬಿಲ್ ಲಾಗಿನ್ನಿಗೆ ಅದು 2025ರ ಏಪ್ರಿಲ್ 1ರಿಂದ ಎಲ್ಲ ವ್ಯಾಪಾರಿಗಳಿಗೂ ಕಡ್ಡಾಯ. ಇವನ್ನು ಮುರಿಯುವ ದಾರಿ ಹುಡುಕುವುದು ಈ ಕಸುಬಿಗೆ ಸೇರಿದ್ದಲ್ಲ, ಅನುಮತಿ ಇಲ್ಲದ ಪ್ರವೇಶವನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಒಪ್ಪುವುದೂ ಇಲ್ಲ. ಬೇಕಾಗಿಯೂ ಇಲ್ಲ, ಏಕೆಂದರೆ ಬಾಗಿಲನ್ನು ಕಟ್ಟಿದವರೇ ಪಕ್ಕದಲ್ಲಿ ಎರಡು ದಾರಿ ಬಿಟ್ಟಿದ್ದಾರೆ. ಮೊದಲನೆಯದು ಸಗಟು ಅಪ್‌ಲೋಡ್. ದಿನದ ಇನ್‌ವಾಯ್ಸ್‌ಗಳನ್ನೆಲ್ಲ ಸ್ಕ್ರಿಪ್ಟು ತಪಾಸಣೆ ಮಾಡಿ ಹೆಸರು-ಮೌಲ್ಯದ ಜೋಡಿಗಳನ್ನು ಪಠ್ಯವಾಗಿ ಬರೆಯುವ ಜೇಸನ್ (JSON) ರೂಪದ ಒಂದೇ ಕಡತವಾಗಿ ಕಟ್ಟುತ್ತದೆ, ಮನುಷ್ಯರು ಒಟಿಪಿ ಕೊಟ್ಟು ಒಳಹೋಗಿ ಅದನ್ನು ಏರಿಸುತ್ತಾರೆ, ಬಿಲ್ ಸಂಖ್ಯೆಗಳು ಒಟ್ಟಾಗಿ ಬರುತ್ತವೆ. ಸಣ್ಣ ಗೋಡೌನಿಗೆ ಇದರಷ್ಟು ಚೊಕ್ಕಟವಾದದ್ದು ಇನ್ನೊಂದಿಲ್ಲ. ಹೆಚ್ಚು ಲಾರಿ ಹೊರಡಿಸುವವರಿಗೆ ಎರಡನೆಯ ದಾರಿ ಎಪಿಐ, ಎಂದರೆ ಪ್ರೋಗ್ರಾಮುಗಳಿಗೆಂದೇ ಇಟ್ಟ ಬಾಗಿಲು. ನೋಂದಾಯಿಸಿಕೊಂಡವರ ಪ್ರೋಗ್ರಾಮು ಗುಪ್ತಲಿಪಿಯಲ್ಲಿ ತನ್ನ ಗುರುತು ಹೇಳಿ ಆರು ಗಂಟೆ ಬಾಳುವ ಟೋಕನ್ ಪಡೆದು, ಪುಟವೇ ಇಲ್ಲದೆ ಬರಿಯ ಜೋಡಿಗಳನ್ನು ಕಳಿಸುತ್ತದೆ. ದಾರಿಯಲ್ಲಿ ಲಾರಿ ಕೆಟ್ಟು ಸರಕು ಬೇರೆ ಗಾಡಿಗೆ ಏರಿದರೆ ಭಾಗ-ಬಿಯ ಹೊಸ ನಂಬರೂ ಅದೇ ದಾರಿಯಲ್ಲಿ ಹೋಗುತ್ತದೆ. ಆಯಸ್ಸು ಮುಗಿಯುವ ಎಂಟು ಗಂಟೆ ಮುಂಚಿನಿಂದ ಮುಗಿದ ಎಂಟು ಗಂಟೆಯವರೆಗೆ ಅವಧಿ ವಿಸ್ತರಣೆಗೂ ಅದರಲ್ಲಿ ಅವಕಾಶವಿದೆ.