ಭರತದ ವೇಳೆ, ಮಳೆಯ ಜೂಜು

ನೆರೂಳಿಗೆ ಬಂದ ಮೇಲೆ ನನಗೊಂದು ಚಟ ಅಂಟಿದೆ. ಚಳಿಗಾಲ ಬಂತೆಂದರೆ ಸಮುದ್ರದ ಭರತ-ಇಳಿತದ ವೇಳೆ ನೋಡಿಕೊಳ್ಳುತ್ತೇನೆ. ಇಲ್ಲಿಗೆ ಬರುವ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಆ ವೇಳೆಯಂತೆಯೇ ಬದುಕುತ್ತವೆ. ಇಳಿತದಲ್ಲಿ ಠಾಣೆ ಖಾರಿಯ ಕೆಸರು ಬಯಲಾದಾಗ ಮೇಯುತ್ತವೆ. ನೀರೇರಿದಾಗ ನವಿ ಮುಂಬಯಿಯ ಕೆರೆಗಳಿಗೆ ಹಾರಿ ಬಂದು ಒಂಟಿಕಾಲಲ್ಲಿ ನಿಲ್ಲುತ್ತವೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹಕ್ಕಿಗಳ ಓಡಾಟವೂ ಅಷ್ಟೇ ಸರಿಯುತ್ತದೆ.

ಮರಿ ಮಾಡುವಾಗ ಮಾತ್ರ ಇವು ಜೂಜಿಗಿಳಿಯುತ್ತವೆ. ಕಚ್ಛದ ರಣದಲ್ಲಿ ಒಳ್ಳೆಯ ಮಳೆಯಾಗಿ ನೀರು ನಿಂತರೆ ಕೆಸರಿನ ಗುಪ್ಪೆ ಕಟ್ಟಿ ಮೊಟ್ಟೆಯಿಡುತ್ತವೆ. ಮಳೆ ಇಲ್ಲದಿದ್ದರೆ ಆ ವರ್ಷ ಅಲ್ಲಿ ಗೂಡಿಲ್ಲ. ನೀರು ಲೆಕ್ಕಕ್ಕೆ ಸಿಗುವ ಕಡೆ ಪ್ರಾಣಿ ದಾರಿಯನ್ನು ನೆನಪಿಡುತ್ತದೆ, ಸಿಗದ ಕಡೆ ಅಲೆಯುತ್ತದೆ.

ಹಕ್ಕಿಯ ನಡೆಯಿಂದ ಜಾಗವೂ ಬದಲಾಗುತ್ತದೆ. ಕಾಲಿನಿಂದ ಕೆಸರು ಕಲಕುತ್ತವೆ, ಖಾರಿಯಲ್ಲಿ ತಿಂದದ್ದನ್ನು ಕೆರೆಗೆ ಹಿಕ್ಕೆಯಾಗಿ ತಂದು ಹಾಕುತ್ತವೆ. ವರ್ಷವೂ ತಪ್ಪದೆ ಬಂದದ್ದಕ್ಕೇ ಖಾರಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು.

ಇದನ್ನೆಲ್ಲ ಯೋಚಿಸುವಾಗ ಅಪ್ಪ ನೆನಪಾಗುತ್ತಾರೆ. ವಿಜಯಪುರ ಜಿಲ್ಲೆಯ ನಮ್ಮೂರಲ್ಲಿ ಮಳೆ ನಂಬಿ ಜೋಳ ಬಿತ್ತುತ್ತಿದ್ದವರು. 1972ರ ಬರದಲ್ಲಿ ಮುಂಬಯಿಗೆ ಬಂದು ಪರೇಲಿನ ಬಟ್ಟೆ ಗಿರಣಿ ಸೇರಿದರು. ಗಿರಣಿಯ ಭೋಂಗಾ ಕೂಗಿದಂತೆ ಏಳುವುದು, ಉಣ್ಣುವುದು, ಮಲಗುವುದು. ತಿಂಗಳಿಗೆ ಸರಿಯಾಗಿ ಪಗಾರ. 1982ರ ಮುಷ್ಕರದಲ್ಲಿ ಆ ಭೋಂಗಾ ನಿಂತಿತು. ಅವ್ವ ಇಂದಿಗೂ ಹೇಳುತ್ತಾಳೆ: "ಮಳಿ ಹೋದಾಗ ಏನ್ ಮಾಡ್ಬೇಕಂತ ನಿಮ್ಮಪ್ಪಗ ಗೊತ್ತಿತ್ತು. ಭೋಂಗಾ ನಿಂತಾಗ ಗೊತ್ತಾಗ್ಲಿಲ್ಲ." ಅಪ್ಪ ಎಷ್ಟೋ ತಿಂಗಳು ಅದೇ ಹೊತ್ತಿಗೆ ಎದ್ದು, ಗಿರಣಿಯ ಗೇಟಿನವರೆಗೆ ಹೋಗಿ ಬರುತ್ತಿದ್ದರಂತೆ.

2024ರ ಬೇಸಿಗೆಯಲ್ಲಿ ನೆರೂಳಿನ ಒಂದು ಕೆರೆಗೆ ಭರತದ ನೀರು ಬರುವ ದಾರಿ ಕಟ್ಟಿ, ಕೆರೆ ಒಣಗಿತು. ಅದರ ಆಸುಪಾಸಿನಲ್ಲಿ ರಾಜಹಂಸಗಳು ಸತ್ತು ಬಿದ್ದವು. ಮಳೆ ತಪ್ಪಬಹುದೆಂದು ಹಕ್ಕಿಗೆ ತಿಳಿದಿದೆ, ಅದಕ್ಕೆ ಕಾಯುವುದನ್ನೂ ಕಲಿತಿದೆ. ಆದರೆ ಭರತವೇ ಕೆರೆ ಮುಟ್ಟದಂತೆ ಯಾರಾದರೂ ಮಾಡಬಹುದೆಂದು ಅದಕ್ಕೆ ಹೇಗೆ ತಿಳಿಯಬೇಕು?

ಕೆರೆಗೆ ನೀರು ಬಿಡಿ ಎಂದು ಕೇಳುವ ನೆರೆಹೊರೆಯವರ ಜೊತೆ ನಾನೂ ನಿಲ್ಲುತ್ತೇನೆ. ಹಕ್ಕಿ ಚೆಂದ ಎಂಬುದಷ್ಟೇ ಕಾರಣವಲ್ಲ. ವೇಳೆ ನಂಬಿ ಬಂದವರಿಗೆ ವೇಳೆ ತಪ್ಪಿಸಿದರೆ ಏನಾಗುತ್ತದೆಂದು ನಮ್ಮ ಮನೆಗೆ ಗೊತ್ತು.